ಜಿಡ್ಡು ಯಾರದು?

ಗಟ್ಟಿಯಾದ, ಅಂಟಾದ, ಮೆಲ್ಲಗೆ ಹರಿಯುವ ಪದಾರ್ಥಗಳ ವಿಷಯದಲ್ಲಿ ನಮ್ಮ ಹೋಟೆಲಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪಾಕ ಒಂದೆಳೆಗೆ ಬಂದಿದೆಯೋ ಎರಡೆಳೆಗೋ ಎಂದು ನಮ್ಮ ಭಟ್ಟರು ಎರಡು ಬೆರಳಿನ ನಡುವೆ ಹಿಡಿದು ಹೇಳುತ್ತಾರೆ. ಗ್ರೈಂಡರಿನಲ್ಲಿ ಉದ್ದು ಉಬ್ಬಿ ಬಂದಾಗ ಅದರ ಲೋಳೆ ನೋಡಿಯೇ ಮರುದಿನದ ಇಡ್ಲಿ ಮಲ್ಲಿಗೆಯಂತಾಗುತ್ತದೋ ಕಲ್ಲಾಗುತ್ತದೋ ಎಂದು ಅಂದಾಜು ಮಾಡುತ್ತಾರೆ. ನಮಗೆ ಗೊಜ್ಜು ಬೇರೆ, ಗಸಿ ಬೇರೆ, ಗಂಜಿ ಬೇರೆ. ಶಿರಸಿ ಕಡೆಯ ಜೋನಿ ಬೆಲ್ಲವನ್ನು ಡಬ್ಬದಿಂದ ಸುರಿಯುವಾಗ ಅದು ಇಳಿಯುವ ರೀತಿ ನೋಡಿಯೇ ಪಾಕ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ.

ಇದೇ ಪದಾರ್ಥಗಳು ಅಡುಗೆಕಟ್ಟೆ ದಾಟಿ ಮೋರಿಗೆ ಬಂದೊಡನೆ ನಮ್ಮ ಮಾತು ಬಡವಾಗುತ್ತದೆ. ಅಲ್ಲಿ ಎಲ್ಲದಕ್ಕೂ ಒಂದೇ ಹೆಸರು: ಜಿಡ್ಡು. ಬಾಣಲೆಯ ಅಂಚಿಗೆ ಹತ್ತಿದ ಹಳದಿ ಅಂಟು ಜಿಡ್ಡು. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯ ಮೇಲಿನ ಕಪ್ಪು ಪದರ ಜಿಡ್ಡು. ಸಿಂಕಿನ ಕೆಳಗಿನ ಪೈಪಿನಲ್ಲಿ ಕಟ್ಟಿದ ಬಿಳಿ ಹೆಪ್ಪು ಜಿಡ್ಡು. ಚೇಂಬರಿನ ಮುಚ್ಚಳ ಎತ್ತಿದರೆ ಮೇಲೆ ಕೆನೆಯಂತೆ ನಿಂತು ನಾರುವುದೂ ಜಿಡ್ಡೇ. ಒಂದೇ ಹೆಸರಾದದ್ದರಿಂದ ಉಪಾಯವೂ ಒಂದೇ ಆಗಿದೆ. ‘ಜಿಡ್ಡಾಗಿದೆ ಅಣ್ಣ’ ಎಂದು ಹುಡುಗ ಹೇಳಿದರೆ ‘ಬಿಸಿನೀರು ಹಾಕೋ’ ಎನ್ನುತ್ತೇವೆ. ಅದಕ್ಕೂ ಹೋಗದಿದ್ದರೆ ‘ಸೋಡಾ ಹಾಕೋ’. ಆಮೇಲೂ ಹೋಗದಿದ್ದರೆ ಯಾರನ್ನೋ ಕರೆಸಿ ಇಳಿಸುತ್ತೇವೆ.

ಹೋಟೆಲಿನ ಜಿಡ್ಡು ಮೋರಿಯ ಹುಡುಗನದ್ದಲ್ಲ, ಚೇಂಬರು ತೆಗೆಯುವವನದ್ದೂ ಅಲ್ಲ. ಅದು ಅಡುಗೆ ಮಾಡುವವರದ್ದು, ಎಣ್ಣೆ ಕೊಳ್ಳುವ ಮಾಲೀಕರದ್ದು. ಅಂದರೆ ನಮ್ಮದು. ಇದು ನನ್ನ ಅಭಿಪ್ರಾಯ. ಹಲವು ಸದಸ್ಯರಿಗೆ ಇದು ಹಿಡಿಸದೆ ಇರಬಹುದು, ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಊರಲ್ಲಿ ನಮ್ಮ ಅಜ್ಜಿಯಂದಿರು ಪಾತ್ರೆ ತಿಕ್ಕುತ್ತಿದ್ದ ಕ್ರಮ ನೆನಪಿದ್ದವರಿಗೆ ನೆನಪಿರಬಹುದು. ಮೊದಲು ಒಲೆಯ ಬೂದಿ ಉದುರಿಸಿ ತೆಂಗಿನ ನಾರಿನಿಂದ ಒಣಗಿಗೇ ಉಜ್ಜುತ್ತಿದ್ದರು. ಬೂದಿ ಎಣ್ಣೆಯನ್ನು ಹೀರಿಕೊಳ್ಳುತ್ತಿತ್ತು. ಆ ಕರಿ ಮುದ್ದೆಯನ್ನು ತೆಗೆದು ಹೊರಗೆ ಹಾಕಿದ ಮೇಲೆ ನೀರು. ಆ ನೀರೂ ಬಾಳೆಬುಡಕ್ಕೋ ತೆಂಗಿನಬುಡಕ್ಕೋ ಹೋಗುತ್ತಿತ್ತು. ಅಭ್ಯಂಜನದ ದಿನ ತಲೆಯ ಜಿಡ್ಡಿಗೆ ಸೀಗೆಪುಡಿ ಹಾಕುತ್ತಿದ್ದುದೂ ಅದೇ ಲೆಕ್ಕ. ಮೊದಲು ಪುಡಿ ಎಣ್ಣೆಯನ್ನು ಹಿಡಿಯಬೇಕು, ಆಮೇಲೆ ನೀರು ಅದನ್ನು ಕೊಂಡುಹೋಗಬೇಕು. ಇಷ್ಟು ಸರಳವಾದ ಕ್ರಮವನ್ನು ನಾವು ಮುಂಬಯಿಗೋ ಪುಣೆಗೋ ಬಂದು ಹೋಟೆಲು ಹಾಕಿದಾಗ ಊರಲ್ಲೇ ಬಿಟ್ಟು ಬಂದೆವು. ಸಾಂಬಾರಿನ ರುಚಿ ತಂದೆವು, ಚಟ್ನಿಯ ಹದ ತಂದೆವು, ಬೂದಿ ಮಾತ್ರ ತರಲಿಲ್ಲ. ಇಲ್ಲಿ ನಲ್ಲಿ ಇತ್ತು, ಮೋರಿ ಇತ್ತು, ಮೋರಿಯ ಆಚೆ ಏನಿದೆ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಆ ಕಾಲಕ್ಕೆ ಅದು ನಡೆದುಹೋಯಿತು. ಇಡ್ಲಿ ಆವಿಯಲ್ಲಿ ಬೇಯುವ ತಿಂಡಿ. ದೋಸೆ ಕಲ್ಲನ್ನು ಅರ್ಧ ಈರುಳ್ಳಿಯಿಂದಲೋ ಗರಿಕಡ್ಡಿಯಿಂದಲೋ ಸವರಿದರೆ ಸಾಕು. ವಡೆ, ಬಜ್ಜಿ, ಪೂರಿಯ ಒಂದು ಬಾಣಲೆ ಬಿಟ್ಟರೆ ಎಣ್ಣೆಯ ಖರ್ಚು ಹೆಚ್ಚೇನೂ ಇರಲಿಲ್ಲ. ಆಮೇಲೆ ಮೆನು ಬೆಳೆಯಿತು. ಪಂಜಾಬಿ ಬಂತು, ಚೈನೀಸ್ ಬಂತು. ಬೆಣ್ಣೆ ಹಾಕಿದ ಪಾವ್‌ಭಾಜಿ ಬಂತು, ಕ್ರೀಮಿನ ಗ್ರೇವಿ ಬಂತು, ಮಂಚೂರಿ ಬಂತು. ಇದು ತಪ್ಪೆಂದು ಹೇಳುತ್ತಿಲ್ಲ. ಬಾಡಿಗೆ ಕಟ್ಟಬೇಕಾದರೆ ಗಿರಾಕಿ ಕೇಳಿದ್ದನ್ನು ಕೊಡಲೇಬೇಕು. ಆದರೆ ಎಷ್ಟೋ ಹೋಟೆಲುಗಳಲ್ಲಿ ಮೆನು ಮೂರು ಪಟ್ಟು ಬೆಳೆದರೂ ಮೋರಿಯ ಪೈಪು ಇಡ್ಲಿ-ದೋಸೆಯ ಕಾಲದ್ದೇ ಉಳಿದಿದೆ.

ಪೈಪಿನೊಳಗೆ ನಡೆಯುವುದೇನು ಎಂದು ಅರ್ಥ ಮಾಡಿಕೊಂಡರೆ ಮುಂದಿನ ಮಾತು ಸುಲಭ. ತೊಳೆಯುವಾಗ ಬಿಸಿನೀರಿನೊಂದಿಗೆ ಎಣ್ಣೆ ಕರಗಿದಂತೆ ಕಾಣುತ್ತದೆ, ವಾಸ್ತವದಲ್ಲಿ ಕರಗಿರುವುದಿಲ್ಲ. ಹತ್ತಡಿ ದಾಟಿ ನೀರು ತಣ್ಣಗಾದೊಡನೆ ಕೊಬ್ಬು ಬೇರ್ಪಟ್ಟು ಪೈಪಿನ ಗೋಡೆಗೆ ಅಂಟುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಚಟ್ನಿಯ ತೆಂಗಿನಕಾಯಿಯಲ್ಲಿರುವುದೂ ಅದೇ ಕೊಬ್ಬು. ವನಸ್ಪತಿ ಅದಕ್ಕಿಂತ ಹೆಚ್ಚಿನ ಶಾಖದಲ್ಲೇ ಗಟ್ಟಿಯಾಗುತ್ತದೆ. ದೆಹಲಿಯ ಸದಸ್ಯರು ಜನವರಿಯಲ್ಲಿ ಪಾಮೋಲಿನ್ ಡಬ್ಬವೇ ಬೆಳಗ್ಗೆ ಮುದ್ದೆಯಾಗಿರುವುದನ್ನು ನೋಡಿರುತ್ತಾರೆ. ನೆಲದಡಿಯ ಪೈಪಿನಲ್ಲಿ ಏನಾಗಿರಬಹುದೆಂದು ಊಹಿಸಿಕೊಳ್ಳಬಹುದು. ಇದರ ಮೇಲೆ ದೋಸೆ ಹಿಟ್ಟು ತೊಳೆದ ನೀರಿನ ಪಿಷ್ಟ, ಬೇಳೆಯ ಚರಟ, ಅನ್ನದ ಅಗುಳು ಬಂದು ಕೂರುತ್ತವೆ. ಕಾಂಕ್ರೀಟಿನ ಚೇಂಬರಿನಲ್ಲಿ, ಗಡಸು ನೀರಿನಲ್ಲಿ ಇರುವ ಸುಣ್ಣದ ಅಂಶ ಕೊಬ್ಬಿನ ಆಮ್ಲಗಳ ಜತೆ ಸೇರಿ ಒಂದು ಬಗೆಯ ಗಟ್ಟಿ ಸಾಬೂನು ಆಗುತ್ತದೆ. ಮೊದಲ ತಿಂಗಳು ಬೆರಳಿಗೆ ಅಂಟುವ ಜಿಡ್ಡು, ವರ್ಷ ಕಳೆದ ಮೇಲೆ ಸಲಾಕೆಯಿಂದ ಒಡೆಯಬೇಕಾದ ಕಲ್ಲು.

ಬಿಸಿನೀರು ಹಾಕಿದರೆ ಅದು ನಮ್ಮ ಪೈಪಿನಿಂದ ಪಕ್ಕದವರ ಪೈಪಿಗೆ ಹೋಗುತ್ತದೆ, ಅಷ್ಟೆ. ಕಾಸ್ಟಿಕ್ ಸೋಡಾ ಹಾಕಿದರೆ ಅರ್ಧ ಸಾಬೂನಾಗಿ ಮುಂದೆ ಹೋಗಿ ಅಲ್ಲಿ ಕೂರುತ್ತದೆ, ಜತೆಗೆ ಹುಡುಗನ ಕೈಯೋ ಕಣ್ಣೋ ಸುಡುತ್ತದೆ. ಆಸಿಡ್ ಇನ್ನೂ ಕೆಟ್ಟದ್ದು. ಕೊಳೆತ ಚೇಂಬರಿಗೆ ಆಸಿಡ್ ಸುರಿದರೆ ವಿಷಗಾಳಿ ಒಮ್ಮೆಲೇ ಎದ್ದು ಬರುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದು ನಮ್ಮ ಊರುಗಳ ಸಮಸ್ಯೆ ಮಾತ್ರ ಎಂದುಕೊಳ್ಳುವುದೂ ಬೇಡ. ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಅಡಿಯ ಹಳೆಯ ಒಳಚರಂಡಿಯಲ್ಲಿ 2017ರಲ್ಲಿ ಸಿಕ್ಕಿದ ಜಿಡ್ಡಿನ ಗಡ್ಡೆ 250 ಮೀಟರ್ ಉದ್ದವಿತ್ತು, ತೂಕ ಸುಮಾರು 130 ಟನ್. ಅಡುಗೆಯ ಕೊಬ್ಬು, ಒದ್ದೆ ಬಟ್ಟೆಯಂತಹ ವೈಪ್ಸ್ ಸೇರಿ ಆದದ್ದು. ತೆಗೆಯುವುದಕ್ಕೆ ವಾರಗಟ್ಟಲೆ ಹಿಡಿಯಿತು. ಅದರ ಒಂದು ತುಂಡನ್ನು 2018ರಲ್ಲಿ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಜನರಿಗೆ ತೋರಿಸಿದರು. ಇಂಗ್ಲಿಷಿನವರು ಇದಕ್ಕೆ ಫ್ಯಾಟ್‌ಬರ್ಗ್ ಎಂದು ಹೊಸ ಹೆಸರನ್ನೇ ಕಟ್ಟಿದ್ದಾರೆ, ಹಿಮಗಡ್ಡೆಯ ಹಾಗೆ ಕೊಬ್ಬಿನ ಗಡ್ಡೆ ಎಂಬ ಅರ್ಥದಲ್ಲಿ. ಹೆಸರು ಬಂದ ಮೇಲೆ ಪತ್ರಿಕೆಯಲ್ಲಿ ಸುದ್ದಿಯಾಯಿತು, ಜನ ಮಾತಾಡಿಕೊಂಡರು. ನಮ್ಮಲ್ಲಿ ಮಳೆಗಾಲದ ಮೊದಲು ಗಟಾರದಿಂದ ಎತ್ತಿ ರಸ್ತೆ ಬದಿಗೆ ಹಾಕುವ ರಾಶಿಗೆ ‘ಕಚರಾ’ ಎಂದು ಹೇಳಿ ಮೂಗು ಮುಚ್ಚಿಕೊಂಡು ಹೋಗುತ್ತೇವೆ. ಅದರಲ್ಲಿ ನಮ್ಮ ಬಾಣಲೆಯ ಪಾಲು ಎಷ್ಟು ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಬಾಣಲೆಯ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡಬೇಕು. ಹೊಸ ಎಣ್ಣೆ ನೀರಿನಂತೆ ಸುರಿಯುತ್ತದೆ. ಮತ್ತೆ ಮತ್ತೆ ಕಾದ ಎಣ್ಣೆ ದಪ್ಪವಾಗಿ, ಕಪ್ಪಾಗಿ, ಸೌಟಿನಿಂದ ತಡೆದು ತಡೆದು ಬೀಳುತ್ತದೆ. ವಡೆ ಹಾಕಿದಾಗ ನೊರೆ ಉಕ್ಕಿ ಇಳಿಯದೆ ನಿಲ್ಲುತ್ತದೆ. ಬಾಣಲೆಯ ಅಂಚಿಗೆ ಅರಗಿನಂತಹ ಅಂಟು ಕಟ್ಟುತ್ತದೆ. ಇದೆಲ್ಲ ಎಣ್ಣೆಯ ಕಣಗಳು ಕಾದು ಒಂದಕ್ಕೊಂದು ಹೆಣೆದುಕೊಂಡದ್ದರ ಗುರುತು. ಒಳ್ಳೆಯ ಭಟ್ಟರಿಗೆ ಇದು ಯಂತ್ರವಿಲ್ಲದೆ ತಿಳಿಯುತ್ತದೆ. ತಿಳಿದೂ ಸುಮ್ಮನಿರುತ್ತಾರೆ, ಏಕೆಂದರೆ ಡಬ್ಬ ಒಡೆಯುವ ಅಪ್ಪಣೆ ಗಲ್ಲಾದಿಂದ ಬರಬೇಕು. ಪಾಕದ ಹದಕ್ಕೆ ಭಟ್ಟರ ಬೆರಳನ್ನು ನಂಬುವ ನಾವು ಎಣ್ಣೆಯ ಹದಕ್ಕೆ ಅವರ ಕಣ್ಣನ್ನು ಏಕೆ ನಂಬುವುದಿಲ್ಲ?

ಸರ್ಕಾರವಂತೂ ಲೆಕ್ಕ ಹೇಳಿಬಿಟ್ಟಿದೆ. 2018ರ ಜುಲೈ 1ರಿಂದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಎಂಬ ಕೆಟ್ಟ ಅಂಶ ಶೇಕಡಾ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಕರಿಯುವುದಕ್ಕೆ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಎಷ್ಟು ಕೊಂಡೆವು, ಎಷ್ಟು ಉಳಿಯಿತು, ಯಾರಿಗೆ ಕೊಟ್ಟೆವು ಎಂಬ ದಾಖಲೆ ಇಡಬೇಕು, ನೋಂದಾಯಿತ ಸಂಗ್ರಾಹಕರಿಗೇ ಕೊಡಬೇಕು. ಹೀಗೆ ಸಂಗ್ರಹಿಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ರುಕೊ ಎಂಬ ಯೋಜನೆಯೂ 2018ರ ಆಗಸ್ಟಿನಿಂದ ಇದೆ. ನಮ್ಮ ಎಷ್ಟೋ ಹೋಟೆಲುಗಳು ದಿನಕ್ಕೆ 15 ಕಿಲೋದ ಒಂದೆರಡು ಡಬ್ಬದೊಳಗೇ ಮುಗಿಸುವವು. ದಾಖಲೆಯ ಕಟ್ಟುಪಾಡು ನಮಗಿಲ್ಲ ಎಂದು ಹೇಳಬಹುದು. ಶೇಕಡಾ 25ರ ಮಿತಿ ಮಾತ್ರ ಚಿಕ್ಕವರಿಗೂ ದೊಡ್ಡವರಿಗೂ ಒಂದೇ.

ಇಲ್ಲಿ ಒಂದು ಕಹಿ ಮಾತು ಹೇಳಬೇಕಾಗಿದೆ. ತಿಂಗಳಿಗೊಮ್ಮೆ ಸೈಕಲ್ಲಿನ ಮೇಲೆ ಡಬ್ಬ ಕಟ್ಟಿಕೊಂಡು ಬಂದು ಹಳೆ ಎಣ್ಣೆ ಕೊಳ್ಳುವವನೊಬ್ಬ ಎಲ್ಲ ಊರಲ್ಲೂ ಇದ್ದಾನೆ. ಸಾಬೂನಿಗೆ ಎನ್ನುತ್ತಾನೆ. ಕೆಲವರದ್ದು ನಿಜವೂ ಇರಬಹುದು. ಆದರೆ ಸಾಬೂನಿನ ಕಾರ್ಖಾನೆಯವ ಚೀಟಿ ಕೊಡುತ್ತಾನೆ, ಇವನು ಕೊಡುವುದಿಲ್ಲ. ಚೀಟಿ ಇಲ್ಲದ ಎಣ್ಣೆ ಸಂಜೆಗೆ ಯಾವುದೋ ಗಾಡಿಯ ಬಾಣಲೆಗೆ ಬೀಳುವುದಿಲ್ಲ ಎಂದು ಎದೆ ಮುಟ್ಟಿ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ? ಆ ಗಾಡಿಯಲ್ಲಿ ತಿನ್ನುವವನು ರಿಕ್ಷಾದವನು, ಹಮಾಲಿ, ಎಷ್ಟೋ ಸಲ ನಮ್ಮದೇ ಹೋಟೆಲಿನ ಹುಡುಗ. ಆ ಎಣ್ಣೆಗೆ ಸಿಗುವ ಹಣ ಗಲ್ಲಾದ ಲೆಕ್ಕದಲ್ಲಿ ಕಾಣಿಸುವಷ್ಟೂ ಇರುವುದಿಲ್ಲ. ಅಷ್ಟಕ್ಕಾಗಿ ಇದನ್ನು ಮುಂದುವರಿಸಬೇಕೇ?

ಎಕ್ಸಾಸ್ಟಿನ ಜಿಡ್ಡಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಬೇರೆಯೇ ಲೇಖನವಾಗುತ್ತದೆ. ಡಕ್ಟಿನೊಳಗೆ ಕಟ್ಟಿದ ಪದರ ಉರುವಲೇ. ವೋಕ್‌ನಿಂದ ಎದ್ದ ಒಂದು ಜ್ವಾಲೆ ಫಿಲ್ಟರಿಗೆ ತಾಗಿದರೆ ಬೆಂಕಿ ಮೇಲಿನ ಮಹಡಿಯವರೆಗೆ ಓಡುತ್ತದೆ. ಚೈನೀಸ್ ಕಟ್ಟೆ ಇರುವವರು ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ತೊಳೆಸಲಿ.

ಈಗ ಚೇಂಬರಿಗೆ ಬರೋಣ. ಈ ಲೇಖನ ಬರೆಯಲು ನಿಜವಾದ ಕಾರಣ ಅದೇ. 2019ರ ಜೂನ್ ತಿಂಗಳಲ್ಲಿ ಗುಜರಾತಿನ ವಡೋದರಾ ಜಿಲ್ಲೆಯ ಡಭೋಯಿ ತಾಲೂಕಿನ ಒಂದು ಹೋಟೆಲಿನಲ್ಲಿ ಸೆಪ್ಟಿಕ್ ಟ್ಯಾಂಕ್ ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲು ಹೋದವರೂ ಬರಲಿಲ್ಲ. ಒಟ್ಟು ಏಳು ಮಂದಿ ಸತ್ತರು. ನಾಲ್ವರು ಸ್ವಚ್ಛತೆಯ ಕೆಲಸದವರು, ಉಳಿದ ಮೂವರು ಆ ಹೋಟೆಲಿನ ಕೆಲಸಗಾರರು. ಆ ಮೂವರು ಗುಂಡಿ ತೆಗೆಯುವ ಕೆಲಸದವರಲ್ಲ. ಒಳಗಿದ್ದವರು ಉಸಿರುಗಟ್ಟುತ್ತಿರುವುದು ಕಂಡು ಸುಮ್ಮನೆ ನಿಲ್ಲಲಾಗದೆ ಹೋದವರು. ನಮ್ಮ ಹುಡುಗರೂ ಹಾಗೆಯೇ ಹೋಗುತ್ತಾರೆ, ಹೇಳಿ ನಿಲ್ಲಿಸುವಷ್ಟು ಹೊತ್ತು ನಮಗೆ ಸಿಗುವುದಿಲ್ಲ.

ಅದು ಸೆಪ್ಟಿಕ್ ಟ್ಯಾಂಕ್, ನಮ್ಮದು ಬರೀ ಜಿಡ್ಡಿನ ಚೇಂಬರು ಎಂದು ಹೇಳುವವರಿದ್ದಾರೆ. ಮುಚ್ಚಿದ ಗುಂಡಿಯಲ್ಲಿ ಕೊಬ್ಬು, ಬೇಳೆ, ಅನ್ನ ಗಾಳಿಯಿಲ್ಲದೆ ಕೊಳೆತಾಗಲೂ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಮರಗಟ್ಟಿ ನಾತ ತಿಳಿಯುವುದಿಲ್ಲ. ‘ವಾಸನೆ ಹೋಯಿತು, ಇನ್ನು ಇಳಿಯಬಹುದು’ ಎಂದುಕೊಳ್ಳುವ ಆ ಗಳಿಗೆಯೇ ಅಪಾಯದ ಗಳಿಗೆ. ಮೇಲಿನ ಜಿಡ್ಡಿನ ಪದರ ಗಾಳಿಯನ್ನು ಅಡಿಯಲ್ಲಿ ಹಿಡಿದಿಟ್ಟಿರುತ್ತದೆ. ಕೋಲಿನಿಂದ ಕಲಕಿದೊಡನೆ ಅದು ಒಮ್ಮೆಲೇ ಬಿಡುಗಡೆಯಾಗುತ್ತದೆ.

2013ರ ಕೇಂದ್ರ ಕಾಯಿದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಗುತ್ತಿಗೆದಾರನಿಗೆ ಹೇಳಿದ್ದೆ, ಅವನು ಯಾರನ್ನು ತಂದನೋ ಗೊತ್ತಿಲ್ಲ ಎಂಬ ಮಾತು ನಡೆಯುವುದಿಲ್ಲ. ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಎಂದು ಕಾಯಿದೆಯಲ್ಲೇ ಇದೆ. ಒಳಚರಂಡಿ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಈ ಹೋರಾಟವನ್ನು ದಶಕಗಳಿಂದ ನಡೆಸುತ್ತಿರುವ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನವರು, ಅದಕ್ಕಾಗಿಯೇ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅವರಿಗೆ ಪ್ರಶಸ್ತಿ ಬಂದಾಗ ಕನ್ನಡಿಗನೆಂದು ಹೆಮ್ಮೆಪಟ್ಟೆವು. ಅದೇ ವಾರ ನಮ್ಮ ಚೇಂಬರಿಗೆ ಯಾರು ಇಳಿದರು ಎಂದು ಕೇಳಿದವರು ಕಡಿಮೆ.

ಸದಸ್ಯರ ಆಕ್ಷೇಪ ನನಗೆ ಗೊತ್ತಿದೆ. ಜಾಗ ಬಾಡಿಗೆಯದು, ನೆಲ ಅಗೆಯಲು ಮನೆಯೊಡೆಯ ಬಿಡುವುದಿಲ್ಲ. ಇರುವುದೇ ಕಾಲಿಡಲಾಗದಷ್ಟು ಅಡುಗೆಮನೆ. ಹುಡುಗರು ಆರು ತಿಂಗಳಿಗೆ ಊರಿಗೆ ಹೋದರೆ ಮತ್ತೆ ಬರುವುದಿಲ್ಲ, ಕಲಿಸುವುದು ಯಾರಿಗೆ? ಮೊದಲೆರಡು ಮಾತು ನಿಜವೇ. ಆದರೆ ಗ್ರೀಸ್ ಟ್ರ್ಯಾಪ್ ಎಂದರೆ ನೆಲ ಅಗೆದೇ ಕಟ್ಟಬೇಕೆಂದಿಲ್ಲ. ಸಿಂಕಿನ ಕೆಳಗೇ ಇಡುವ ಸ್ಟೀಲಿನ ಪೆಟ್ಟಿಗೆಗಳು ಸಿಗುತ್ತವೆ. ಅದರ ಕೆಲಸ ಸರಳ. ನೀರು ಒಳಗೆ ಬಂದು ವೇಗ ಕಳೆದುಕೊಳ್ಳುತ್ತದೆ, ಅಗುಳು ಅಡಿಗಿಳಿಯುತ್ತದೆ, ಎಣ್ಣೆ ಮೇಲೇಳುತ್ತದೆ, ನಡುವಿನ ತಿಳಿನೀರು ಮಾತ್ರ ಬಾಗಿದ ಪೈಪಿನಿಂದ ಆಚೆ ಹೋಗುತ್ತದೆ. ಮಜ್ಜಿಗೆ ಕಡೆದು ಬೆಣ್ಣೆ ತೇಲಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಜಿಡ್ಡು, ಅಡಿಯ ಗಸಿ ಎರಡೂ ಸೇರಿ ಪೆಟ್ಟಿಗೆಯ ಕಾಲು ಭಾಗ ಆಗುವ ಮೊದಲೇ ತೆಗೆಯಬೇಕು. ತುಂಬಿದ ಟ್ರ್ಯಾಪ್ ಇದ್ದೂ ಇಲ್ಲದಂತೆ, ಬಂದದ್ದನ್ನೆಲ್ಲ ಮುಂದಕ್ಕೆ ಬಿಡುತ್ತದೆ. ಇನ್ಸ್‌ಪೆಕ್ಟರಿಗೆ ತೋರಿಸಲೆಂದು ಕೂರಿಸಿ ವರ್ಷಗಟ್ಟಲೆ ತೆರೆಯದ ಟ್ರ್ಯಾಪುಗಳನ್ನು ನೋಡಿದ್ದೇನೆ. ಅವಕ್ಕೆ ಹಾಕಿದ ಹಣ ದಂಡ.

ಟ್ರ್ಯಾಪಿಗಿಂತ ಮೊದಲಿನ ಕೆಲಸಕ್ಕೆ ಖರ್ಚೇ ಇಲ್ಲ. ತಟ್ಟೆ, ಬಾಣಲೆ, ಗ್ರೇವಿಯ ಪಾತ್ರೆ ನೀರಿಗೆ ಬೀಳುವ ಮೊದಲು ಒಣಗಿಗೇ ಸವರಿ ತೆಗೆಯಬೇಕು. ಬೂದಿ ಈಗ ಸಿಗದಿದ್ದರೆ ಮರದ ಹೊಟ್ಟು, ಹಳೆಯ ಪೇಪರು, ರಬ್ಬರಿನ ತಟ್ಟು ಯಾವುದಾದರೂ ನಡೆಯುತ್ತದೆ. ಮೋರಿಯ ಪಕ್ಕದಲ್ಲಿ ಒಂದು ಮುಚ್ಚಳದ ಡಬ್ಬ ಇಟ್ಟರೆ ಸಾಕು. ಒಮ್ಮೆ ಸೋಪಿನ ನೀರಿಗೆ ಬಿತ್ತೆಂದರೆ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ಟ್ರ್ಯಾಪನ್ನೂ ತಪ್ಪಿಸಿಕೊಂಡು ಹೋಗುತ್ತದೆ. ಹಾಗಾಗಿ ಈ ಸವರುವ ಕೆಲಸಕ್ಕೆ ಬೇರೆ ಬದಲಿ ಇಲ್ಲ. ಮೋರಿಯ ಹುಡುಗನಿಗೆ ಆತುರವಿರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ತಟ್ಟೆ ಸಾಲದೆ ಸಪ್ಲಾಯರ್ ಕೂಗುತ್ತಿರುತ್ತಾನೆ. ಸವರುವುದಕ್ಕೆ ಅವನಿಗೆ ಹೊತ್ತು ಬೇಕೆಂದರೆ ನಾಲ್ಕು ಡಜನ್ ತಟ್ಟೆ ಹೆಚ್ಚು ಕೊಳ್ಳಬೇಕಾಗುತ್ತದೆ. ಅದನ್ನು ಕೊಡಿಸುವುದು ಮಾಲೀಕನ ಕೆಲಸ. ಜಿಡ್ಡು ಮಾಲೀಕನದ್ದು ಎಂದು ಮೇಲೆ ಹೇಳಿದ್ದರ ಅರ್ಥ ಇದೇ. ಹುಡುಗರು ಬದಲಾಗುತ್ತಾರೆ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ಬಾಣಲೆಯನ್ನು ಸವರಿ ಕೊಡುವ ಹೊಣೆ ಭಟ್ಟರದ್ದೇ ಆದರೆ, ಹೆಚ್ಚು ಕಾಲ ನಿಲ್ಲುವವರು ಅವರೇ.

ಇದೆಲ್ಲ ಆದ ಮೇಲೂ ಹೊರಗಿನ ಚೇಂಬರು ಒಂದಲ್ಲ ಒಂದು ದಿನ ತುಂಬುತ್ತದೆ. ಆಗ ಬೇಕಾದದ್ದು ಹೀರುವ ಯಂತ್ರದ ಟ್ಯಾಂಕರು, ಮನುಷ್ಯನಲ್ಲ. ಒಬ್ಬ ಚಿಕ್ಕ ಹೋಟೆಲಿನವನಿಗೆ ಟ್ಯಾಂಕರು ಕರೆಸುವುದು ಭಾರ, ಮನುಷ್ಯನನ್ನು ಇಳಿಸುವುದು ಅಗ್ಗ ಎಂಬುದೇ ಈ ಪಿಡುಗು ನಿಲ್ಲದಿರುವ ಮೂಲ. ಇದನ್ನು ಒಬ್ಬೊಬ್ಬರೇ ಸರಿಪಡಿಸುವುದು ಕಷ್ಟ, ಸಂಘದಿಂದ ಆಗುತ್ತದೆ. ಒಂದೇ ವಾರ್ಡಿನ ಹತ್ತು ಹೋಟೆಲುಗಳು ಸೇರಿ ಮೂರು ತಿಂಗಳಿಗೊಮ್ಮೆ ಒಂದು ದಿನ ಗೊತ್ತು ಮಾಡಿ ಟ್ಯಾಂಕರು ಕರೆಸಿದರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಹಳೆ ಎಣ್ಣೆಯೂ ಅಷ್ಟೆ. ಒಂದು ಹೋಟೆಲಿನ ಅರ್ಧ ಡಬ್ಬಕ್ಕಾಗಿ ನೋಂದಾಯಿತ ಸಂಗ್ರಾಹಕ ಬರುವುದಿಲ್ಲ, ಹತ್ತು ಹೋಟೆಲಿನದ್ದು ಒಂದೆಡೆ ಸೇರಿದರೆ ತಾನಾಗಿ ಬರುತ್ತಾನೆ, ಚೀಟಿಯನ್ನೂ ಕೊಡುತ್ತಾನೆ. ಹಾಲು, ತೆಂಗಿನಕಾಯಿ, ಗ್ಯಾಸಿನ ವಿಷಯದಲ್ಲಿ ಒಟ್ಟಾಗಿ ದರ ಮಾತಾಡಿದ ಅನುಭವ ನಮ್ಮ ಹಿರಿಯ ಸದಸ್ಯರಿಗೆ ಇದೆ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಎರಡು ವಿಷಯಗಳನ್ನು ಸೇರಿಸಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ. ಬರುವ ಸದಸ್ಯರು ತಮ್ಮ ಚೇಂಬರಿನ ಉದ್ದ, ಅಗಲ, ಆಳ, ಕಡೆಯ ಬಾರಿ ತೆಗೆಸಿದ ತಿಂಗಳು, ವಾರಕ್ಕೆ ಉಳಿಯುವ ಹಳೆ ಎಣ್ಣೆಯ ಅಳತೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ ಟ್ಯಾಂಕರಿನವನ ಜತೆ ಅಂದೇ ದರ ಮಾತಾಡಬಹುದು. ಚೇಂಬರು ಎಲ್ಲಿದೆ ಎಂದೇ ಗೊತ್ತಿಲ್ಲದವರು ಮೋರಿಯ ಹುಡುಗನನ್ನು ಕೇಳಲಿ, ಅವನು ತೋರಿಸುತ್ತಾನೆ.